ದಕ್ಷಿಣ ಏಷ್ಯಾ (ಸಾಫ್) ಮಹಿಳಾ ಫುಟ್‌ಬಾಲ್ ಚಾಂಪಿಯನ್‌ಷಿಪ್: ಪರಿಚಯ ಮತ್ತು ಮಾಹಿತಿ

1. ಪೀಠಿಕೆ

ದಕ್ಷಿಣ ಏಷ್ಯಾದ ರಾಷ್ಟ್ರಗಳ ಮಹಿಳಾ ತಂಡಗಳ ನಡುವೆ ನಡೆಯುವ ಪ್ರಮುಖ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯೇ ಸಾಫ್ ಮಹಿಳಾ ಚಾಂಪಿಯನ್‌ಷಿಪ್. 1997ರಲ್ಲಿ ಸ್ಥಾಪನೆಯಾದ ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟವು (ಸಾಫ್) ಇದನ್ನು ಸಂಘಟಿಸುತ್ತದೆ. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್, ಪಾಕಿಸ್ತಾನ, ಶ್ರೀಲಂಕಾ ಹಾಗೂ ಮಾಲ್ಡೀವ್ಸ್ ಈ ಒಕ್ಕೂಟದ ಸದಸ್ಯ ರಾಷ್ಟ್ರಗಳಾಗಿರುತ್ತವೆ. ಮೊದಲ ಪಂದ್ಯಾವಳಿಯು 2010ರ ಡಿಸೆಂಬರ್‌ನಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಜರುಗಿತು. 2024ರವರೆಗೆ ಒಟ್ಟು 7 ಆವೃತ್ತಿಗಳು ನಡೆದಿವೆ. ಕ್ರೀಡಾಸಕ್ತರು, ವಿದ್ಯಾರ್ಥಿಗಳು ಹಾಗೂ ದೈಹಿಕ ಶಿಕ್ಷಣ ಶಿಕ್ಷಕರ ಮಾಹಿತಿಗಾಗಿ ಸದರಿ ಪಂದ್ಯಾವಳಿಯ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ಪಂದ್ಯಾವಳಿಯ ಸ್ವರೂಪ

ಭಾಗವಹಿಸುವ ತಂಡಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಗುಂಪಿನಲ್ಲಿ ಮೊದಲ ಎರಡು ಸ್ಥಾನ ಪಡೆದ ತಂಡಗಳು ಸೆಮಿಫೈನಲ್ ಪ್ರವೇಶಿಸುತ್ತವೆ. ಸೆಮಿಫೈನಲ್‌ನಲ್ಲಿ ಗೆದ್ದ ಎರಡು ತಂಡಗಳು ಪ್ರಶಸ್ತಿಗಾಗಿ ಸೆಣಸುತ್ತವೆ.

3. ಇದುವರೆಗಿನ ಫೈನಲ್ ಪಂದ್ಯಗಳ ಫಲಿತಾಂಶ

2024ರವರೆಗಿನ ಫಲಿತಾಂಶಗಳು ಈ ಕೆಳಕಂಡಂತಿವೆ:

(1) 2010, ಕಾಕ್ಸ್ ಬಜಾರ್: ಭಾರತ 1, ನೇಪಾಳ 0
(2) 2012, ಕೊಲಂಬೊ: ಭಾರತ 3, ನೇಪಾಳ 1
(3) 2014, ಇಸ್ಲಾಮಾಬಾದ್: ಭಾರತ 6, ನೇಪಾಳ 0
(4) 2016, ಸಿಲಿಗುರಿ: ಭಾರತ 3, ಬಾಂಗ್ಲಾದೇಶ 1 (ಫೈನಲ್ ನಡೆದದ್ದು 2017ರ ಜನವರಿಯಲ್ಲಿ)
(5) 2019, ಬಿರಾಟ್‌ನಗರ: ಭಾರತ 3, ನೇಪಾಳ 1
(6) 2022, ಕಠ್ಮಂಡು: ಬಾಂಗ್ಲಾದೇಶ 3, ನೇಪಾಳ 1
(7) 2024, ಕಠ್ಮಂಡು: ಬಾಂಗ್ಲಾದೇಶ 2, ನೇಪಾಳ 1

ಮೇಲ್ಕಂಡ ಪಟ್ಟಿಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸತತ 5 ಬಾರಿ ಭಾರತದ ಕೈಯಲ್ಲಿದ್ದ ಪ್ರಶಸ್ತಿಯು ಆನಂತರ ಸತತ 2 ಬಾರಿ ಬಾಂಗ್ಲಾದೇಶದ ಪಾಲಾಗಿದೆ. ಎರಡನೆಯದಾಗಿ, ನೇಪಾಳವು 7ರಲ್ಲಿ 6 ಬಾರಿ ಫೈನಲ್ ತಲುಪಿದ್ದು, ಒಮ್ಮೆಯೂ ಪ್ರಶಸ್ತಿ ಗಳಿಸಿಲ್ಲ. ಕೊನೆಯ ಎರಡು ಫೈನಲ್‌ಗಳನ್ನು ಆ ತಂಡವು ತನ್ನದೇ ರಾಜಧಾನಿಯ ದಶರಥ ರಂಗಶಾಲೆಯಲ್ಲಿ, ತನ್ನ ಜನರೆದುರಿನಲ್ಲಿಯೇ ಸೋತಿತು.

4. ಭಾರತದ ಪ್ರಾಬಲ್ಯ ಮತ್ತು ಅದರ ಅಂತ್ಯ

ಮೊದಲ ಪಂದ್ಯಾವಳಿಯಲ್ಲಿ ತಂಡಗಳ ನಡುವಿನ ಅಂತರ ಬಹಳವಾಗಿತ್ತು. 2010ರಲ್ಲಿ ಭಾರತವು ಭೂತಾನ್ ತಂಡವನ್ನು 18-0 ಗೋಲುಗಳಿಂದ ಮಣಿಸಿತು. ಈ ಪಂದ್ಯಾವಳಿಯಲ್ಲಿ ಭಾರತಕ್ಕೆ ಮೊದಲ ಬಾರಿಗೆ ಗೆಲುವು ತಪ್ಪಿದ್ದು 2016ರಲ್ಲಿ. ಸಿಲಿಗುರಿಯ ಗುಂಪು ಹಂತದಲ್ಲಿ ಬಾಂಗ್ಲಾದೇಶವು ಗೋಲಿಲ್ಲದ ಸಮಬಲ ಸಾಧಿಸಿತು. ಆದರೆ ಅದೇ ತಂಡವನ್ನು ಫೈನಲ್‌ನಲ್ಲಿ ಸೋಲಿಸಿದ್ದರಿಂದ, ಆ ಸಮಬಲವು ಮುಂಬರುವ ಬದಲಾವಣೆಯ ಸೂಚನೆಯೆಂದು ಹೆಚ್ಚಿನವರು ಭಾವಿಸಲಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಬಾಂಗ್ಲಾದೇಶವು ಭಾರತವನ್ನು 3-0 ಅಂತರದಿಂದ ಸೋಲಿಸಿತು. ಇದು ಸದರಿ ಪಂದ್ಯಾವಳಿಯಲ್ಲಿ ಭಾರತದ ಪ್ರಥಮ ಸೋಲು. ಸೆಮಿಫೈನಲ್‌ನಲ್ಲಿ ನೇಪಾಳದೆದುರು 0-1ರಿಂದ ಸೋತ ಭಾರತವು ಮೊದಲ ಬಾರಿಗೆ ಫೈನಲ್‌ನಿಂದ ಹೊರಗುಳಿಯಿತು. 2024ರಲ್ಲಿ ಬಾಂಗ್ಲಾದೇಶದೆದುರು 1-3ರಿಂದ ಸೋತು, ಪುನಃ ನೇಪಾಳದೆದುರು ಪೆನಾಲ್ಟಿ ಒದೆತಗಳಲ್ಲಿ ಪರಾಭವಗೊಂಡಿತು. ಗೋಲಿನ ಕುರಿತ ವಿವಾದದಿಂದಾಗಿ ಈ ಸೆಮಿಫೈನಲ್ ಒಂದು ಗಂಟೆಗೂ ಹೆಚ್ಚು ಕಾಲ ಸ್ಥಗಿತಗೊಂಡಿತ್ತು.

5. ಬಾಂಗ್ಲಾದೇಶದ ಏಳಿಗೆಗೆ ಕಾರಣಗಳು

ಈ ಬದಲಾವಣೆಯು ಆಕಸ್ಮಿಕವಲ್ಲ. ಬಾಂಗ್ಲಾದೇಶದಲ್ಲಿ 2011ರಿಂದ ಪ್ರಾಥಮಿಕ ಶಾಲೆಗಳ ಬಾಲಕಿಯರಿಗಾಗಿ ರಾಷ್ಟ್ರಮಟ್ಟದ ಫುಟ್‌ಬಾಲ್ ಪಂದ್ಯಾವಳಿಯನ್ನು ಆರಂಭಿಸಲಾಯಿತು. ಮೈಮನ್‌ಸಿಂಗ್ ಜಿಲ್ಲೆಯ ಗಡಿಭಾಗದಲ್ಲಿ, ಗಾರೋ ಬೆಟ್ಟಗಳ ತಪ್ಪಲಿನಲ್ಲಿರುವ ಕಲ್ಸಿಂದೂರ್ ಗ್ರಾಮದ ಸರ್ಕಾರಿ ಪ್ರಾಥಮಿಕ ಶಾಲೆಯು ಇದರಲ್ಲಿ ಚಾಂಪಿಯನ್ ಆಯಿತು. ಆ ಶಾಲೆಯ ಅಂಗಳದಲ್ಲಿ ಆಡಿ ಬೆಳೆದ ಮಾರಿಯಾ ಮಾಂಡಾ, ಸಂಜಿದಾ ಅಖ್ತರ್ ಮೊದಲಾದವರು ಮುಂದೆ ರಾಷ್ಟ್ರೀಯ ತಂಡದ ಆಟಗಾರ್ತಿಯರಾದರು. ಈ ಬಾಲಕಿಯರ ಸಾಧನೆಯ ನಂತರವೇ ಅವರ ಗ್ರಾಮಕ್ಕೆ ವಿದ್ಯುತ್ ಸಂಪರ್ಕ ದೊರೆಯಿತು.

ಆಯ್ಕೆಯಾದ ಬಾಲಕಿಯರನ್ನು ಢಾಕಾದಲ್ಲಿ ವಸತಿಸಹಿತ ಶಿಬಿರದಲ್ಲಿರಿಸಿ, ತರಬೇತುದಾರ ಗುಲಾಂ ರಬ್ಬಾನಿ ಛೋಟನ್ ಅವರ ಮಾರ್ಗದರ್ಶನದಲ್ಲಿ ನಿರಂತರ ತರಬೇತಿ ನೀಡಲಾಯಿತು. ಇದರ ಫಲವು ಮೊದಲು ಕಿರಿಯರ ವಿಭಾಗದಲ್ಲಿ ಕಂಡುಬಂತು. 2017ರಲ್ಲಿ 15 ವರ್ಷದೊಳಗಿನವರ ಸಾಫ್ ಫೈನಲ್‌ನಲ್ಲಿ, ಮಾರಿಯಾ ಮಾಂಡಾ ಅವರ ನಾಯಕತ್ವದ ಬಾಂಗ್ಲಾದೇಶವು ಭಾರತವನ್ನು 1-0ರಿಂದ ಸೋಲಿಸಿತು. 2018ರಲ್ಲಿ 18 ವರ್ಷದೊಳಗಿನವರ ಹಾಗೂ 2021ರಲ್ಲಿ 19 ವರ್ಷದೊಳಗಿನವರ ಪ್ರಶಸ್ತಿಗಳೂ ಅದೇ ದೇಶಕ್ಕೆ ಸಂದವು. 2022ರ ವಿಜಯವು ಹೀಗೆ ಸುಮಾರು ಹತ್ತು ವರ್ಷಗಳ ಕ್ರಮಬದ್ಧ ದುಡಿಮೆಯ ಫಲವಾಗಿರುತ್ತದೆ.

ಆ ವರ್ಷ ನಾಯಕಿ ಸಬೀನಾ ಖಾತುನ್ 8 ಗೋಲು ಗಳಿಸಿ ಅತಿ ಹೆಚ್ಚು ಗೋಲು ಗಳಿಸಿದವರೆನಿಸಿದರು. ವಿಜೇತ ತಂಡವನ್ನು ಛಾವಣಿ ತೆರೆದ ಬಸ್ಸಿನಲ್ಲಿ ಢಾಕಾ ನಗರದಲ್ಲಿ ಮೆರವಣಿಗೆ ಮಾಡಲಾಯಿತು. ಆದಾಗ್ಯೂ, 2023ರಲ್ಲಿ ಹಣದ ಕೊರತೆಯ ಕಾರಣ ನೀಡಿ ಅದೇ ತಂಡವನ್ನು ಮ್ಯಾನ್ಮಾರ್‌ನಲ್ಲಿ ನಡೆದ ಒಲಿಂಪಿಕ್ ಅರ್ಹತಾ ಪಂದ್ಯಗಳಿಗೆ ಕಳುಹಿಸಲಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. 2024ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದ ರಿತುಪರ್ಣಾ ಚಕ್ಮಾ ಅವರು ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿಯಾಗಿಯೂ, ರೂಪ್ನಾ ಚಕ್ಮಾ ಅವರು ಶ್ರೇಷ್ಠ ಗೋಲ್‌ಕೀಪರ್ ಆಗಿಯೂ ಆಯ್ಕೆಯಾದರು.

6. ಇತರ ತಂಡಗಳು

ಭೂತಾನ್ 2022 ಹಾಗೂ 2024ರಲ್ಲಿ ಸೆಮಿಫೈನಲ್ ತಲುಪಿದ್ದು, ಆ ತಂಡದ ಪ್ರಗತಿಯನ್ನು ಸೂಚಿಸುತ್ತದೆ. 2016 ಮತ್ತು 2019ರಲ್ಲಿ ಗೈರುಹಾಜರಾಗಿದ್ದ ಪಾಕಿಸ್ತಾನವು 2022ರಲ್ಲಿ ಮರಳಿತು.

ಅಫ್ಘಾನಿಸ್ತಾನವು ಮೊದಲ ನಾಲ್ಕು ಪಂದ್ಯಾವಳಿಗಳಲ್ಲಿ ಆಡಿದೆ. 2015ರಲ್ಲಿ ಆ ದೇಶವು ಮಧ್ಯ ಏಷ್ಯಾದ ಒಕ್ಕೂಟಕ್ಕೆ ಸೇರಿದರೂ, 2016ರಲ್ಲಿ ಅದರ ಮಹಿಳಾ ತಂಡವು ಸಿಲಿಗುರಿಗೆ ಬಂದಿತ್ತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಅಧಿಕಾರಕ್ಕೆ ಬಂದ ನಂತರ ಅಲ್ಲಿ ಮಹಿಳೆಯರ ಕ್ರೀಡೆಯೇ ನಿಂತುಹೋಯಿತು. ಅನೇಕ ಆಟಗಾರ್ತಿಯರು ದೇಶ ತೊರೆದು ಆಸ್ಟ್ರೇಲಿಯಾ ಮೊದಲಾದೆಡೆ ಆಶ್ರಯ ಪಡೆದರು. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ರಚಿಸಿದ ಅಫ್ಘನ್ ನಿರಾಶ್ರಿತ ಮಹಿಳೆಯರ ತಂಡವು 2025ರ ಅಕ್ಟೋಬರ್‌ನಲ್ಲಿ ಮೊರಾಕ್ಕೊದಲ್ಲಿ ಪಂದ್ಯಗಳನ್ನಾಡಿತು.

7. ಪಂದ್ಯಾವಳಿಯ ಮಹತ್ವ

2025ರ ಜುಲೈನಲ್ಲಿ ಬಾಂಗ್ಲಾದೇಶವು ಮ್ಯಾನ್ಮಾರ್ ತಂಡವನ್ನೂ, ಭಾರತವು ಥಾಯ್ಲೆಂಡ್ ತಂಡವನ್ನೂ ತಲಾ 2-1 ಗೋಲುಗಳಿಂದ ಸೋಲಿಸಿ, 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದವು. ಬಾಂಗ್ಲಾದೇಶಕ್ಕೆ ಇದು ಪ್ರಥಮ ಅವಕಾಶ. ಭಾರತವು ಅರ್ಹತಾ ಸುತ್ತನ್ನು ಗೆದ್ದು ಈ ಹಂತ ತಲುಪಿದ್ದೂ ಇದೇ ಮೊದಲು. ನೆರೆಹೊರೆಯ ತಂಡಗಳ ಪೈಪೋಟಿಯು ಎರಡೂ ತಂಡಗಳನ್ನು ಬಲಪಡಿಸಿತೆಂದು ಹೇಳಬಹುದು.

ಒಟ್ಟಾರೆಯಾಗಿ, ಈ ಪಂದ್ಯಾವಳಿಯ ಇತಿಹಾಸವು ತಿಳಿಸುವುದೇನೆಂದರೆ, ರಾಷ್ಟ್ರೀಯ ತಂಡದ ಬಲವು ಪ್ರಾಥಮಿಕ ಶಾಲೆಯ ಆಟದ ಮೈದಾನದಿಂದಲೇ ಆರಂಭವಾಗುತ್ತದೆ. ಹತ್ತು ವರ್ಷದ ಬಾಲಕಿಯ ಕಾಲಿಗೆ ಇಂದು ದೊರೆತ ಚೆಂಡಿನ ಫಲಿತಾಂಶವನ್ನು ಮುಂದಿನ ದಶಕದ ಅಂಕಪಟ್ಟಿಯಲ್ಲಿ ಕಾಣಬಹುದಾಗಿದೆ.