ಮೂವತ್ತು ಸಾವಿರದ ಮಸೂರಗಳು

ಕನ್ನಡದಲ್ಲಿ ಲೆನ್ಸಿಗೆ ಮಸೂರ ಎನ್ನುತ್ತೇವೆ. ವಿಜ್ಞಾನದ ಮೇಷ್ಟರು ಪೀನ ಮಸೂರ, ನಿಮ್ನ ಮಸೂರ ಎಂದು ಬೋರ್ಡಿನ ಮೇಲೆ ಬರೆದು ಅಳಿಸುವಾಗ ಅದು ಅಡುಗೆಮನೆಯಿಂದ ಬಂದ ಮಾತು ಎಂದು ಯಾರೂ ಹೇಳುವುದಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದರೆ ಮಸೂರ ಬೇಳೆಯೇ. ಎರಡು ಕಡೆಯೂ ಉಬ್ಬಿದ ಗಾಜಿನ ಬಿಲ್ಲೆ ಬೇಳೆಯ ಹಾಗೆ ಕಂಡಿತು, ಆ ಹೆಸರೇ ನಿಂತಿತು. ನಮ್ಮವರು ಅದನ್ನು ಹಾಗೆಯೇ ಕನ್ನಡಕ್ಕೆ ತಂದರು. ಬೇಳೆಯ ಹೆಸರಿನ ಈ ವಸ್ತುವಿನ ಬೆಲೆ ಮಾತ್ರ ಬಂಗಾರದ ಅಂಗಡಿಯ ಬೆಲೆ ಎಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.

ನಾನು ಹಿನಕಲ್ಲಿನಲ್ಲಿ ಮನೆ ಮಾಡಿಕೊಂಡಿರುವವಳು, ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುವವಳು. ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದರೆ ಒಂದು ಕಾಲಕ್ಕೆ ಊರು ಮುಗಿದು ಹೊಲ ಶುರುವಾದ ಮೇಲೆ ಸಿಗುತ್ತಿದ್ದ ಹಳ್ಳಿ ಇದು. ಈಗ ವರ್ತುಲ ರಸ್ತೆ, ಮೇಲ್ಸೇತುವೆ, ಆಚೆಗೆ ಕಾರ್ಖಾನೆಗಳು, ಈಚೆಗೆ ಬಡಾವಣೆಗಳು. ನನ್ನೇಶ್ವರನ ಹಳೆಯ ಗುಡಿ ಊರೊಳಗೆ ಇದೆ. ಆದರೆ ಗುಡಿಯಲ್ಲಿಲ್ಲದ ಕಲ್ಲುಗಳ ಗತಿ ಬೇರೆ. ನಮ್ಮ ಸುತ್ತಿನ ಹಳ್ಳಿಗಳ ಬದುಗಳಲ್ಲಿ, ಕೆರೆ ಏರಿಯ ಮೇಲೆ, ಹುಣಸೇಮರದ ಬುಡದಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳು ನಿಂತಿರುತ್ತಿದ್ದವು. ಜಮೀನು ಸೈಟುಗಳಾದಾಗ ಅವುಗಳಲ್ಲಿ ಕೆಲವು ಕಟ್ಟಡದ ತಳಪಾಯ ಸೇರಿದವು, ಕೆಲವು ಎಲ್ಲಿ ಸೇರಿದವೋ ತಿಳಿಯದು.

ಅಂಥದೊಂದು ವೀರಗಲ್ಲನ್ನು ಬಹಳ ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪೆನ್ಸಿಲಿನಲ್ಲಿ ಬರೆದು ತಂದು ನನಗೆ ತೋರಿಸಿದ್ದಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಪಟ್ಟಿಗಳ ನಡುವಿನ ಅಕ್ಷರಗಳನ್ನು ಬರೆಯಲು ಅವಳಿಗೆ ಬಂದಿರಲಿಲ್ಲ, ಸುಮ್ಮನೆ ಗೀಟು ಎಳೆದಿದ್ದಳು. ಈಗ ಕಲ್ಲು ಇಲ್ಲ, ಚಿತ್ರ ಇದೆ, ಅಕ್ಷರದ ಜಾಗದಲ್ಲಿ ಗೀಟುಗಳಿವೆ. ಆ ಹುಡುಗಿ ದೂರದ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಬಂದವಳು ತನ್ನ ಹಳೆಯ ಕ್ಯಾಮರಾವನ್ನೂ ಮೂವತ್ತು ಸಾವಿರ ರೂಪಾಯಿಯನ್ನೂ ಶಾಲೆಗೆ ಕೊಟ್ಟು, ಉಳಿದ ಕಲ್ಲುಗಳ ಚಿತ್ರವನ್ನಾದರೂ ಮಕ್ಕಳ ಕೈಲಿ ತೆಗೆಸಿ ಎಂದಳು. ಕ್ಯಾಮರಾದ ಜೊತೆಗಿದ್ದ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಹೀಗಾಗಿ ಕ್ಯಾಮರಾ ಇದೆ, ಕಣ್ಣಿಲ್ಲ. ಕಣ್ಣಿಗೆ ಮೂವತ್ತು ಸಾವಿರ, ಅದರ ಮೇಲೆ ಒಂದು ಕಾಸೂ ಇಲ್ಲ.

ಮೂವತ್ತು ಸಾವಿರ ಎಂದ ಕೂಡಲೇ ಸ್ಟಾಫ್‌ರೂಮಿನಲ್ಲಿ ಎಲ್ಲರೂ ತಜ್ಞರಾದರು. ದೈಹಿಕ ಶಿಕ್ಷಣದವರಿಗೆ ಟೆಲಿಲೆನ್ಸ್ ಬೇಕು. ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳು ಅವರ ಕಣ್ಣಿಗೆ ಕಟ್ಟಿದ್ದವು. ವಾರ್ಷಿಕೋತ್ಸವದಲ್ಲಿ ನಾಟಕದ ಫೋಟೋ ಮಸುಕಾಗಿ ಬರುತ್ತದೆ ಎಂಬುದು ಮುಖ್ಯೋಪಾಧ್ಯಾಯರ ದೂರು. ಇನ್ನೊಬ್ಬರು ಹತ್ತಿರಕ್ಕೂ ದೂರಕ್ಕೂ ಆಗುವ ಒಂದೇ ದೊಡ್ಡ ಜೂಮ್ ಕೊಂಡರೆ ತಲೆನೋವೇ ಇಲ್ಲ ಎಂದರು. ಎಲ್ಲದಕ್ಕೂ ಆಗುವ ಪಾತ್ರೆಯಲ್ಲಿ ಯಾವ ಅಡುಗೆಯೂ ಸರಿಯಾಗಿ ಆಗುವುದಿಲ್ಲ ಎಂದು ನನ್ನ ಅನುಭವ, ಆದರೆ ಲೆನ್ಸಿನ ವಿಷಯದಲ್ಲಿ ಆ ಅನುಭವ ನಡೆದೀತೇ? ನಾನು ಬಿ.ಎ., ಬಿ.ಎಡ್., ಭೌತಶಾಸ್ತ್ರ ಓದಿದವಳಲ್ಲ. ಗೊತ್ತಿರುವ ದಾರಿ ಇತಿಹಾಸ ಒಂದೇ. ನಮ್ಮ ನಾಡಿನ ಕಲ್ಲುಗಳಿಗೆ ಮೊದಲು ಕ್ಯಾಮರಾ ಹಿಡಿದವರು ಏನು ಇಟ್ಟುಕೊಂಡಿದ್ದರು, ಯಾರ ದುಡ್ಡಿನಲ್ಲಿ ಹಿಡಿದರು ಎಂದು ಹುಡುಕಲು ಕುಳಿತೆ.

ಮೊದಲು ಎದುರಾದವನು ಲಿನಿಯಸ್ ಟ್ರೈಪ್. 1822ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ ಹುಟ್ಟಿ, ಕಂಪನಿಯ ಮದ್ರಾಸ್ ಸೈನ್ಯಕ್ಕೆ ಸೇರಿದವನು. ರಜೆಯಲ್ಲಿ ಊರಿಗೆ ಹೋಗಿದ್ದಾಗ ಫೋಟೋ ವಿದ್ಯೆ ಕಲಿತು ಬಂದು, 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಿಗೆ ಹೋದ. ಜೊತೆಗೆ ಡಾಕ್ಟರ್ ನೀಲ್ ಎಂಬ ಇನ್ನೊಬ್ಬ ಹವ್ಯಾಸಿ. ಆಗ ಇದು ಟ್ರೈಪನ ಸ್ವಂತ ಹುಚ್ಚು. ಅಲ್ಲಿ ತೆಗೆದ ಚಿತ್ರಗಳನ್ನು 1855ರಲ್ಲಿ ಮದ್ರಾಸಿನ ವಸ್ತುಪ್ರದರ್ಶನದಲ್ಲಿಟ್ಟ, ಮೆಚ್ಚುಗೆ ಬಂತು, ಮುಂದೆ ಮದ್ರಾಸ್ ಸರ್ಕಾರ ಅವನನ್ನು ತನ್ನ ಫೋಟೋಗ್ರಾಫರನನ್ನಾಗಿ ಮಾಡಿಕೊಂಡಿತು. ಅವನು ಕೆಲಸದ ಮನೆ ಹೂಡಿದ್ದು ನಮ್ಮ ಬೆಂಗಳೂರಿನಲ್ಲೇ.

ಅಂದಿನ ಲೆನ್ಸುಗಳ ಸ್ಥಿತಿ ತಿಳಿದರೆ ನಮ್ಮ ಸ್ಟಾಫ್‌ರೂಮಿನ ಚರ್ಚೆ ಹೊಸದಲ್ಲ ಎನ್ನಿಸುತ್ತದೆ. ಆಗ ಮುಖ್ಯವಾಗಿ ಎರಡು ದಾರಿ. ಒಂದು, ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್ 1840ರಲ್ಲಿ ಲೆಕ್ಕ ಹಾಕಿ ಮಾಡಿಸಿದ, ಬೆಳಕನ್ನು ಗಟಗಟನೆ ಕುಡಿಯುವ ಲೆನ್ಸು. ಅದು ಮುಖಕ್ಕೆ ಹೇಳಿ ಮಾಡಿಸಿದ್ದು. ಮನುಷ್ಯ ಎಷ್ಟು ಹೊತ್ತು ಅಲುಗದೆ ಕುಳಿತಾನು? ಆದರೆ ಅದರಲ್ಲಿ ನಡುವಿನ ಭಾಗ ಚೆನ್ನಾಗಿ ಮೂಡಿ ಅಂಚುಗಳು ಕಲೆಸಿಹೋಗುತ್ತಿದ್ದವು. ಇನ್ನೊಂದು, ಕಿರಿದಾದ ಕಿಂಡಿಯ ಸಾದಾ ಲೆನ್ಸು. ನಿಧಾನ, ಆದರೆ ಬಯಲು ಕಟ್ಟಡಗಳಿಗೆ ಸಾಕು. ಕಟ್ಟಡಕ್ಕೆ ಬಂದವರು ನಿಧಾನದ ದಾರಿ ಹಿಡಿಯಬಹುದಿತ್ತು. ಕಲ್ಲು ಕದಲುವುದಿಲ್ಲವಲ್ಲ. ಟ್ರೈಪ್ ಮೇಣ ಸವರಿದ ಕಾಗದದ ನೆಗೆಟಿವ್ ಬಳಸುತ್ತಿದ್ದ, ನಮ್ಮ ಸೆಖೆಗೆ ಅದು ತಡೆಯುತ್ತಿತ್ತು. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಕಾದು ನಿಲ್ಲುವುದು ಅದಕ್ಕೆ ತೆರಬೇಕಾದ ಬೆಲೆ. ನಮ್ಮ ಮೂವತ್ತು ಸಾವಿರದ ಅರ್ಧ ಲೆಕ್ಕ ನನಗೆ ಇಲ್ಲೇ ಹರಿಯಿತು. ಬೆಳಕಿನ ಕಿಂಡಿ ದೊಡ್ಡದಾದಷ್ಟೂ ಲೆನ್ಸಿನ ಬೆಲೆ ಏರುತ್ತದೆ. ಚಿತ್ರವಾಗಬೇಕಾದ್ದು ಕಲ್ಲು ಎಂದಾದರೆ ಆ ದುಡ್ಡಿನ ಬದಲು ಒಂದು ಗಟ್ಟಿ ಮುಕ್ಕಾಲಿಯೂ ತಾಳ್ಮೆಯೂ ಸಾಕು.

ಇನ್ನರ್ಧ ತಂಜಾವೂರಿನಲ್ಲಿ ಸಿಕ್ಕಿತು. 1858ರಲ್ಲಿ ಟ್ರೈಪ್ ಬೃಹದೀಶ್ವರನ ಗುಡಿಗೆ ಹೋದಾಗ ವಿಮಾನದ ಅಧಿಷ್ಠಾನದ ಸುತ್ತ ಕೊರೆದ ಶಾಸನದ ಸಾಲುಗಳನ್ನು ಹಿಡಿಯಬೇಕಾಯಿತು. ಅಷ್ಟು ಅಗಲ ಒಂದೇ ಸಲಕ್ಕೆ ನೋಡಬಲ್ಲ, ಅಕ್ಷರವನ್ನೂ ಕೆಡಿಸದ ಲೆನ್ಸು ಆಗ ಎಲ್ಲಿಂದ ಬರಬೇಕು? ಅವನು ಕ್ಯಾಮರಾವನ್ನು ಗೋಡೆಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಇಪ್ಪತ್ತೊಂದು ಚಿತ್ರ ತೆಗೆದು, ಅಂಚಿಗೆ ಅಂಚು ಕೂಡಿಸಿ ಅಂಟಿಸಿದ. ಆ ಪಟ್ಟಿಯ ಉದ್ದ ಸುಮಾರು ಹತ್ತೊಂಬತ್ತು ಅಡಿ. ಲೆನ್ಸಿನಿಂದ ಆಗದ್ದನ್ನು ಕಾಲಿನಿಂದ ಮಾಡಿದ ಎಂದು ನಾನು ಮಕ್ಕಳಿಗೆ ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಮೊಬೈಲು ಹಿಡಿದು ಗಿರಕಿ ಹೊಡೆಯುತ್ತಾ ಉದ್ದ ಚಿತ್ರ ತೆಗೆಯುವುದು ಅವರಿಗೆ ಗೊತ್ತಿರುವ ಆಟವೇ.

ಇಷ್ಟೆಲ್ಲ ಮಾಡಿದವನ ಕಥೆ ಮುಗಿದದ್ದು ಹೇಗೆ ಗೊತ್ತೇ? 1859ರಲ್ಲಿ ಚಾರ್ಲ್ಸ್ ಟ್ರೆವೆಲ್ಯಾನ್ ಮದ್ರಾಸಿನ ಗವರ್ನರಾಗಿ ಬಂದ. ದಂಗೆಯ ನಂತರದ ದಿನಗಳು, ಬೊಕ್ಕಸ ಬರಿದು. ಫೋಟೋ ವಿಭಾಗದ ಖರ್ಚು ಅವನ ಕಣ್ಣಿಗೆ ಬಿತ್ತು, ಇದು ನಮ್ಮ ಇಂದಿನ ಸ್ಥಿತಿಗೆ ಹೊಂದದ ಐಷಾರಾಮ ಎಂಬ ಅರ್ಥದಲ್ಲಿ ಬರೆದು ನಿಲ್ಲಿಸಿಬಿಟ್ಟ. ಟ್ರೈಪ್ ಆಮೇಲೆ ಹೆಚ್ಚುಕಡಿಮೆ ಕ್ಯಾಮರಾವನ್ನೇ ಬಿಟ್ಟ. ಕಡೆಗಾಲದಲ್ಲಿ ಊರಿಗೆ ಮರಳಿ ಶಂಖ, ಚಿಪ್ಪು, ಹವಳ ಕೂಡಿಡುತ್ತಿದ್ದನಂತೆ. ತೀರಿಕೊಂಡದ್ದು 1902ರಲ್ಲಿ. ಟ್ರೆವೆಲ್ಯಾನನನ್ನು ನಾನು ಪೂರ್ತಿ ಬೈಯಲಾರೆ. ಹತ್ತು ವರ್ಷ ಶಾಲೆಯ ಕ್ರೀಡಾನಿಧಿಯ ಲೆಕ್ಕ ಬರೆದವಳು ನಾನು, ಕೊರತೆಯಿದ್ದಾಗ ಮೊದಲು ಕತ್ತರಿ ಬೀಳುವುದು ಎಲ್ಲಿಗೆ ಎಂದು ಬಲ್ಲೆ. ಆದರೆ ಆ ಚಿತ್ರಗಳಲ್ಲಿ ನೂರೈವತ್ತು ವರ್ಷಗಳ ಹಿಂದಿನ ಗುಡಿಗಳನ್ನು ನೋಡುವಾಗ, ಇನ್ನು ನಾಲ್ಕು ವರ್ಷ ಬಿಟ್ಟಿದ್ದರೆ ಏನೇನು ಉಳಿಯುತ್ತಿತ್ತೋ ಎಂದು ಹೊಟ್ಟೆ ಉರಿಯುವುದೂ ನಿಜ.

ಅತ್ತ ಬೊಂಬಾಯಿ ಸರ್ಕಾರ 1855ರಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಡೆಗೆ ಕಳಿಸಿತ್ತು. ಅಲ್ಲಿಯೂ ದುಡ್ಡಿನ ಲೆಕ್ಕವೇ. ಚಿತ್ರಕಾರರನ್ನಿಟ್ಟು ಬರೆಸುವುದಕ್ಕಿಂತ ಫೋಟೋ ಅಗ್ಗ ಎಂದು ಕಂಪನಿಯ ಎಣಿಕೆ. ಬಿಗ್ಸನನ್ನು ಸೈನ್ಯ ವಾಪಸು ಕರೆಸಿಕೊಂಡಾಗ ಆ ಕೆಲಸ ಡಾಕ್ಟರ್ ಪಿಗೂ ಎಂಬುವನಿಗೆ ಬಂತು. ಬಿಗ್ಸ್, ಪಿಗೂ, ನೀಲ್ ಈ ಮೂವರ ಚಿತ್ರಗಳನ್ನು ಸೇರಿಸಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದಕ್ಕೆ ಇತಿಹಾಸದ ಟಿಪ್ಪಣಿ ಬರೆದವನು ಸುರಪುರದವರು ಇಂದಿಗೂ ನೆನೆಯುವ ಮೆಡೋಸ್ ಟೇಲರ್. ವಿಚಿತ್ರ ನೋಡಿ, ಅದೇ 1866ರಲ್ಲಿ ಲಂಡನ್ನಿನ ಡಾಲ್‌ಮೆಯರ್, ಮ್ಯೂನಿಕ್ಕಿನ ಸ್ಟೈನ್‌ಹೈಲ್ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂದೇ ಬಗೆಯ ಹೊಸ ಲೆನ್ಸು ತಂದರು. ಕಂಬವನ್ನು ಬಾಗಿಸದೆ ನೆಟ್ಟಗೆ ನೆಟ್ಟಗಾಗಿಯೇ ತೋರಿಸುವ ಲೆನ್ಸು ಅದು. ಸಾದಾ ಲೆನ್ಸಿನಲ್ಲಿ ಅಂಚಿಗೆ ಬಂದ ಕಂಬ ಬಿಲ್ಲಿನಂತೆ ಬಾಗುತ್ತಿತ್ತು. ನಮ್ಮ ಗುಡಿಗಳ ಪುಸ್ತಕ ಅಚ್ಚಾದ ಮೇಲೆ ಗುಡಿಗಳಿಗೆ ಬೇಕಾದ ಲೆನ್ಸು ಪೇಟೆಗೆ ಬಂತು ಎನ್ನಿ.

ಆಮೇಲೆ ಕೆಲಸ ನಮ್ಮವರ ಕೈಗೆ ಬಂತು. ಮೈಸೂರು ಪುರಾತತ್ವ ಇಲಾಖೆಯನ್ನು ರೈಸ್ ಸಾಹೇಬರ ಬಳಿಕ 1906ರಿಂದ 1922ರವರೆಗೆ ನಡೆಸಿದವರು ಕವಿಚರಿತೆಯ ಆರ್. ನರಸಿಂಹಾಚಾರ್ಯರು. ಅವರು 1917ರಲ್ಲಿ ಸೋಮನಾಥಪುರದ ಕೇಶವ ದೇವಾಲಯದ ಮೇಲೆ ಫೋಟೋಗಳ ಸಮೇತ ಒಂದು ಪುಸ್ತಕ ತಂದರು. ಶಾಸನಗಳಿಗೆ ಮಾತ್ರ ಫೋಟೋಗಿಂತ ಅಚ್ಚುಪ್ರತಿಯನ್ನೇ ವಿದ್ವಾಂಸರು ನೆಚ್ಚುತ್ತಿದ್ದರು. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು, ಮಸಿಯ ಗಟ್ಟಿಯಿಂದ ಮೆಲ್ಲಗೆ ತಟ್ಟಿದರೆ ಕೊರೆದ ಅಕ್ಷರ ಬೆಳ್ಳಗೆ ಉಳಿಯುತ್ತದೆ. 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂದ ಕೇಂದ್ರ ಶಾಸನ ಇಲಾಖೆಯಲ್ಲಿ ಅಂಥ ಪ್ರತಿಗಳ ರಾಶಿಯೇ ಇದೆ. ಆ ಕೆಲಸಕ್ಕೆ ಪಳಗಿದ ಕೈ ಬೇಕು. ಪಳಗದ ಮಕ್ಕಳು ಕಲ್ಲಿಗೆ ಮಸಿ ಬಳಿದು ಬಂದಾರು. ಹಾಗಾಗಿ ನಮಗೆ ಫೋಟೋನೇ ಸರಿ.

ಇನ್ನು ಅಂಗಡಿಗೆ ಬರೋಣ. ನನ್ನ ಪಟ್ಟಿಯಲ್ಲಿ ಮೊದಲನೆಯದು 50 ಮಿಲಿಮೀಟರಿನ ಲೆನ್ಸು. ಜೂಮ್ ಇಲ್ಲ, ಬೇಕೆಂದರೆ ನಾವೇ ಹಿಂದೆ ಮುಂದೆ ನಡೆಯಬೇಕು. ಅಳತೆಗೆ ಚಿಕ್ಕದು, ಗೆರೆ ಬಾಗಿಸುವುದು ತೀರ ಕಡಿಮೆ, ಅಕ್ಷರ ಹಿಡಿಯಲು ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಹೊಸದೇ 9,500ಕ್ಕೆ ಸಿಕ್ಕಿತು. ಇದರ ಕಿಂಡಿಯ ಅಂಕಿ 1.8. ಬೂಷ್ಟು ಹಿಡಿದ ಹಳೆಯ ಜೂಮಿನ ಉದ್ದದ ತುದಿಯಲ್ಲಿ ಅದು 5.6. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಲೆಕ್ಕ ಹಾಕಿದರೆ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕು. ಕಲ್ಲಿಗೆ ಅದು ಬೇಡವಾದರೂ ನಾಟಕಕ್ಕೆ ಬೇಕು. ಮುಖ್ಯೋಪಾಧ್ಯಾಯರ ದೂರು ಅಲ್ಲಿಗೆ ನೀಗಿತು.

ಎರಡನೆಯದು ಅಗಲ ನೋಟದ 10ರಿಂದ 18 ಮಿಲಿಮೀಟರಿನದು. ಗುಡಿಯೊಳಗೆ ಹಿಂದೆ ಸರಿಯೋಣವೆಂದರೆ ಗೋಡೆ ಬೆನ್ನಿಗೆ ತಾಗುತ್ತದೆ, ಅಲ್ಲಿ ಕಾಲು ಕೆಲಸಕ್ಕೆ ಬಾರದು. ಇದಕ್ಕೆ ನೂರು ಡಿಗ್ರಿ ಮೀರಿದ ನೋಟ. ಹೊಸದು ಕೈಗೆಟಕಲಿಲ್ಲ, ಒಮ್ಮೆ ಬಳಸಿದ್ದು 11,500ಕ್ಕೆ ಸಿಕ್ಕಿತು. ಕೊಳ್ಳುವ ಮೊದಲು ಅದನ್ನು ಹಿಂದಿನಿಂದ ಟಾರ್ಚಿನ ಬೆಳಕಿಗೆ ಹಿಡಿದು, ಬೂಷ್ಟಿನ ಎಳೆ ಇಲ್ಲವೆಂದು ಎರಡೆರಡು ಸಲ ನೋಡಿದೆ. ಅಂಗಡಿಯ ಹುಡುಗ ನಕ್ಕ, ನಗಲಿ. ಮುಕ್ಕಾಲಿ 5,200. ಗಾಳಿಯಾಡದ ಡಬ್ಬಿ, ತೇವ ಹೀರುವ ಹರಳು 1,300. ಮೈಸೂರಿನ ಆಷಾಢದಲ್ಲಿ ಇವಿಲ್ಲದೆ ಲೆನ್ಸು ಕೊಳ್ಳುವುದು ಎಂದರೆ ಬೂಷ್ಟಿಗೆ ಊಟ ಹಾಕುವುದು. ಒಳ್ಳೆಯ ಟಾರ್ಚಿಗೆ 800. ಒಟ್ಟು 28,300, ಉಳಿಕೆ 1,700.

ಟೆಲಿಲೆನ್ಸು ಬರಲಿಲ್ಲವೆಂದು ದೈಹಿಕ ಶಿಕ್ಷಣದವರು ಒಂದು ವಾರ ಮುಖ ಗಂಟಿಕ್ಕಿದರು. ಅವರ ಮಾತಿನಲ್ಲೂ ಹುರುಳಿತ್ತು, ಗೋಪುರದ ಮೇಲಿನ ಶಿಲ್ಪಗಳಿಗೆ ಅದು ಬೇಕು. ಆದರೆ ಗೋಪುರ ಎಲ್ಲಿಗೂ ಹೋಗುವುದಿಲ್ಲ, ಅದರ ಚಿತ್ರ ತೆಗೆಯಲು ಜಗತ್ತೇ ಬರುತ್ತದೆ. ಬದುವಿನ ಕಲ್ಲಿಗೆ ನಾವು ಬಿಟ್ಟರೆ ಯಾರು?

ಕೊಂಡ ಮೇಲೆ ಮೊದಲು ಹೋದದ್ದು ಸೋಮನಾಥಪುರಕ್ಕೆ. ಹೊಯ್ಸಳರ ದಂಡನಾಯಕ ಸೋಮನಾಥ ಅಲ್ಲಿ ಈ ಗುಡಿ ಕಟ್ಟಿಸಿದ್ದು ಹದಿಮೂರನೇ ಶತಮಾನದಲ್ಲಿ. ಬೇಲೂರು ಹಳೇಬೀಡುಗಳ ಜೊತೆ ಅದು 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಮುಕ್ಕಾಲಿ ಹೂಡಲು ಮೊದಲೇ ಅನುಮತಿ ಬೇಕು. ಅದಕ್ಕೆ ನಾವು ಅದನ್ನು ಮನೆಯಲ್ಲೇ ಬಿಟ್ಟು, ಬಟ್ಟೆಯ ಚೀಲಕ್ಕೆ ಹುರುಳಿಕಾಳು ತುಂಬಿಸಿಕೊಂಡು ಹೋದೆವು. ಚೀಲವನ್ನು ನೆಲಕ್ಕಿಟ್ಟು, ಅದರ ಮೇಲೆ ಕ್ಯಾಮರಾವನ್ನು ಮುಖ ಮೇಲೆ ಮಾಡಿ ಕೂರಿಸಿ, ಹತ್ತು ಸೆಕೆಂಡಿನ ಟೈಮರ್ ಒತ್ತಿ ಎಲ್ಲರೂ ದೂರ ಸರಿಯುವುದು. ಒಂದಕ್ಕಿಂತ ಒಂದು ಬೇರೆಯಾದ ಆ ಛಾವಣಿಗಳಲ್ಲಿ ಬಾಳೆಹೂವಿನಂತೆ ಇಳಿಬಿದ್ದ ಕಲ್ಲು ಗಾಜಿನ ಮೇಲೆ ಮೂಡಿದಾಗ ಹುಡುಗರು ಕೂಗಿಕೊಂಡರು. ಬಸ್ಸಿಗೂ ಮಧ್ಯಾಹ್ನದ ಚಿತ್ರಾನ್ನಕ್ಕೂ ಉಳಿಕೆ ಹಣದಲ್ಲಿ 1,150 ಹೋಯಿತು.

ನಮ್ಮ ಸುತ್ತಿನ ಕಲ್ಲುಗಳಿಗೆ ಶನಿವಾರ ಮಧ್ಯಾಹ್ನದ ಮೇಲೆ ಹೋಗುತ್ತೇವೆ. ಬಿಸಿಲು ನೆತ್ತಿಯ ಮೇಲಿದ್ದರೆ ಸವೆದ ಅಕ್ಷರ ಕಾಣುವುದೇ ಇಲ್ಲ. ಹೊತ್ತು ಇಳಿದು ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಬಂದಾಗ ಒಂದೊಂದು ಗೀರಿಗೂ ನೆರಳು ಬಿದ್ದು ಅಕ್ಷರ ಏಳುತ್ತದೆ. ಮರದ ನೆರಳಿನ ಕಲ್ಲಾದರೆ ಒಬ್ಬ ಹುಡುಗ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ನಿಲ್ಲುತ್ತಾನೆ. 50ರ ಲೆನ್ಸಿನಲ್ಲಿ ಮೇಲಿನಿಂದ ಕೆಳಕ್ಕೆ ನಾಲ್ಕು ಚಿತ್ರ, ಪ್ರತಿಯೊಂದರಲ್ಲೂ ಅಳತೆಗೆ ಒಂದು ಸ್ಕೇಲು, ಕೊನೆಗೆ ದೂರ ನಿಂತು ಕಲ್ಲು ಇರುವ ಜಾಗದ ಒಂದು. ಇದುವರೆಗೆ ಹನ್ನೊಂದು ಕಲ್ಲುಗಳಾಗಿವೆ. ಏಳನೆಯದರ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಎರಡನೇ ಪಟ್ಟಿಯ ಕೆಳಗೆ ಊರಿನವರು ಬರೀ ಗೀಟು ಎಂದುಕೊಂಡಿದ್ದ ಕಡೆ ಮೂರು ಸಾಲು ಅಕ್ಷರ ಕಂಡವು. ಮೊದಲ ಸಾಲು 'ಸ್ವಸ್ತಿ' ಎಂದು ಶುರುವಾಗುತ್ತದೆ, ಮುಂದಿನದು ನಮಗೆ ಓದಲು ಬರಲಿಲ್ಲ. ಓದಬಲ್ಲವರಿಗೆ ಕಳಿಸಿದ್ದೇವೆ. ಒಂದು ಪ್ರತಿಯನ್ನು ಆ ಹುಡುಗಿಗೂ ಕಳಿಸಿದೆ.