ಭಾಗ 4: ಮೂರು ಮನೆ ಕೊಟ್ಟು ಒಂದು ತಗೊಳ್ಳೋದು

ಸೆಕ್ಷನ್ 54 ಓದಿ ತಲೆ ಕೆಟ್ಟವರೆಲ್ಲ ಬನ್ನಿ, ಇವತ್ತು ಅಮೆರಿಕ. ಅಲ್ಲಿನ ಸೆಕ್ಷನ್ 1031ರ ಬೇರು ಇರೋದು 1921ರ ಕಾಯ್ದೆಯಲ್ಲಿ: ಹೂಡಿಕೆಯ ಆಸ್ತಿ ಕೊಟ್ಟು ಅಂಥದ್ದೇ ಆಸ್ತಿ ತಗೊಂಡ್ರೆ ಲಾಭದ ತೆರಿಗೆ ಮುಂದಕ್ಕೆ. ಮನ್ನಾ ಅಲ್ಲ ಗುರು! ಹಳೇ ಆಸ್ತಿಯ ಅಸಲು ಲೆಕ್ಕವೇ ಹೊಸದರ ಮೇಲೆ ಬಂದು ಕೂರುತ್ತೆ.

ಆದರೆ ನನ್ನ ಮೂರು ಬಾಡಿಗೆ ಮನೆ ಬೇಕಾದವನ ಹತ್ರ ನನಗೆ ಬೇಕಾದ ಬಿಲ್ಡಿಂಗ್ ಇರಬೇಕಲ್ಲ?

1967ರಲ್ಲಿ ಒರೆಗಾನ್‌ನ ಟಿ.ಜೆ. ಸ್ಟಾರ್ಕರ್, ಅವರ ಮಗ, ಸೊಸೆ ಸೇರಿ 1,843 ಎಕರೆ ಮರದ ಕಾಡನ್ನು ಕ್ರೌನ್ ಜೆಲ್ಲರ್‌ಬ್ಯಾಕ್ ಕಂಪನಿಗೆ ಬಿಟ್ಟುಕೊಟ್ಟರು. ಕಂಪನಿ ಕೊಟ್ಟಿದ್ದು ಬರೀ ಮಾತು: ಐದು ವರ್ಷದೊಳಗೆ ಬೇರೆ ಆಸ್ತಿ, ಇಲ್ಲಾಂದ್ರೆ ಉಳಿದಷ್ಟಕ್ಕೆ ನಗದು. ‘ಇದು ವಿನಿಮಯವೇ ಅಲ್ಲ’ ಅಂತ ತೆರಿಗೆ ಇಲಾಖೆ ಕೂತಿತು. ಸ್ಟಾರ್ಕರ್ ಮೂರು ಲಕ್ಷ ಡಾಲರ್‌ಗೂ ಹೆಚ್ಚು ತೆರಿಗೆ ಕಟ್ಟಿ, ವಾಪಸ್ ಕೊಡಿ ಅಂತ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಲ್ಲಿ ಸೋತು, 1979ರಲ್ಲಿ ಮೇಲ್ಮನವಿಯಲ್ಲಿ ಬಹುಪಾಲು ಗೆದ್ದರು. ಮಾತೂ ವಿನಿಮಯ ಆಯ್ತು!

ಐದು ವರ್ಷ ಅತಿಯಾಯ್ತು ಅನ್ನಿಸಿ 1984ರಲ್ಲಿ ಸಂಸತ್ತು ಗಡುವು ಹಾಕಿತು: ಹೊಸ ಆಸ್ತಿ ಗುರುತಿಸೋಕೆ 45 ದಿನ, ಕೈಗೆ ತಗೊಳ್ಳೋಕೆ ಹೆಚ್ಚೆಂದರೆ 180. ಮೂರು ಮನೆ ಒಂದೇ ವಿನಿಮಯಕ್ಕೆ ಸೇರಿಸಿದ್ರೆ ಮಜಾ ಇಲ್ಲಿದೆ. ಮೂರನೆಯದಕ್ಕೆ ಗಿರಾಕಿ ಎಷ್ಟೇ ತಡವಾಗಿ ಸಿಗಲಿ, ದಿನ ಎಣಿಸೋದು ಮೊದಲನೆಯದು ಕೊಟ್ಟ ದಿನದಿಂದ.

ಭಾಗ 5ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್: ಸೆಕ್ಷನ್ 54ರಲ್ಲಿ ‘ಒಂದು ಮನೆ’ ಅಂದ್ರೆ ಎಷ್ಟು?