ಹತ್ತಿಕಾಳು ಮನೆ ಬಿಟ್ಟು ಹೋದ ದಾರಿ

ಹತ್ತಿಯ ಮಾತು ಬಂದರೆ ಎಲ್ಲರೂ ಅರಳೆಯ ಲೆಕ್ಕ ಹಿಡಿಯುತ್ತಾರೆ. ದೇಶದಲ್ಲಿ ಎಷ್ಟು ಲಕ್ಷ ಬೇಲು ಆಯಿತು, ಕ್ವಿಂಟಲಿಗೆ ಏನು ದರ ಎಂದು ಕೇಳುತ್ತಾರೆ. ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯ ರೈತ ಜಿನ್ನಿಗೆ ಹಾಕುವ ಒಂದು ಕ್ವಿಂಟಲ್ ಹತ್ತಿಯಲ್ಲಿ ಅರಳೆ ಇರುವುದು ಸುಮಾರು 34 ಕಿಲೋ, ಕಾಳು 60 ಕಿಲೋಕ್ಕೂ ಮೇಲೆ. ತೂಕದಲ್ಲಿ ಹೆಚ್ಚು ಪಾಲು ಕಾಳಿನದೇ ಆದರೂ ಅದರ ದಾಸ್ತಾನು ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ಕೇಳುವವರು ಕಡಿಮೆ. ನೂರು ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಇರುವುದು ಅಲ್ಲೇ.

ಈ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಮೂರೂ ನಿಜಾಮರ ರಾಜ್ಯದಲ್ಲಿದ್ದ ಎರೆ ಭೂಮಿ. ಮೇಲೆ ಮರಾಠವಾಡ, ಬೀದರ ಸೀಮೆಯಲ್ಲಿ ಗಾವರಾಣಿ ಹತ್ತಿ, ಕೆಳಗೆ ರಾಯಚೂರು, ಧಾರವಾಡದ ಕಡೆ ಕುಮಟಾ ಹತ್ತಿ. ಎರಡೂ ಜವಾರಿ ಜಾತಿಗಳು. ಮನೆಯಲ್ಲೇ ಕಾಳು ಬೇರ್ಪಡಿಸುತ್ತಿದ್ದ ಕಾಲದಲ್ಲಿ ಬೀಜದ ದಾಸ್ತಾನು ಮನೆಯ ಮೂಲೆಯ ಚೀಲದಲ್ಲೇ ಇರುತ್ತಿತ್ತು. ಒಂದು ಪಾಲು ಮುಂದಿನ ಬಿತ್ತನೆಗೆ, ಉಳಿದದ್ದು ನೆನೆಸಿ ಎತ್ತು, ಎಮ್ಮೆಗಳಿಗೆ. ಬಿತ್ತುವ ಮುಂಚೆ ಕಾಳನ್ನು ಸಗಣಿ ಬಗ್ಗಡದಲ್ಲಿ ಉಜ್ಜಿ ಒಣಗಿಸುತ್ತಿದ್ದರು. ಹಾಗೆ ಮಾಡಿದರೆ ಮೇಲಿನ ನೂಲಿನ ಜುಂಗು ಅಂಟಿಕೊಂಡು, ಕಾಳು ಒಂದಕ್ಕೊಂದು ತೊಡಕದೆ ಕೂರಿಗೆಯ ಬಟ್ಟಲಿನಿಂದ ಸಲೀಸಾಗಿ ಇಳಿಯುತ್ತಿತ್ತು.

ಜಿನ್ನಿಂಗ್ ಯಂತ್ರಗಳು ಬಂದ ಮೇಲೆ ಕಾಳು ಮೊದಲ ಸಲ ಮನೆ ಬಿಟ್ಟಿತು. ಹತ್ತೂರ ಹತ್ತಿ ಒಂದೇ ಕಾರ್ಖಾನೆಯಲ್ಲಿ ಬಿದ್ದಾಗ ಬೀಜ ಬೆರಕೆಯಾಯಿತು, ಜಾತಿ ಕೆಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ 1923ರ ಹತ್ತಿ ಸಾಗಣೆ ಕಾಯ್ದೆ, 1925ರ ಜಿನ್ನಿಂಗ್ ಕಾಯ್ದೆ ಹುಟ್ಟಿದ್ದು ಹೆಚ್ಚಾಗಿ ಈ ಬೆರಕೆಯ ಕಾಟಕ್ಕೇ. ಆದರೂ ಜಿನ್ನಿನಿಂದ ಕಾಳನ್ನು ವಾಪಸು ತಂದು ಬಿತ್ತಲು ಅಡ್ಡಿಯಿರಲಿಲ್ಲ. ಧಾರವಾಡ ಸೀಮೆಯಲ್ಲಿ ರೂಪುಗೊಂಡ ಲಕ್ಷ್ಮಿ, ಜಯಧರ ತಳಿಗಳ ಕಾಲದಲ್ಲೂ ರೈತ ಬಿತ್ತಿದ್ದು ತನ್ನ ಬೆಳೆಯ ಕಾಳನ್ನೇ.

ಈ ಕೊಂಡಿ ಕಡಿದದ್ದು ಹೈಬ್ರಿಡ್‌ನಿಂದ. 1970ರಲ್ಲಿ ಸೂರತ್ತಿನ ಸಿ.ಟಿ. ಪಟೇಲರ ಹೈಬ್ರಿಡ್-4 ಬಂತು. 1972ರಲ್ಲಿ ಧಾರವಾಡದ ಬಿ.ಎಚ್. ಕಟರಕಿಯವರು ಅಮೆರಿಕನ್ ಮತ್ತು ಈಜಿಪ್ಟ್ ಜಾತಿಗಳನ್ನು ಕೂಡಿಸಿ ವರಲಕ್ಷ್ಮಿ ಕೊಟ್ಟರು. ಕನ್ನಡ ನೆಲದಲ್ಲಿ ನಡೆದ ದೊಡ್ಡ ವಿಜ್ಞಾನ ಅದು, ಅದರ ಹಿರಿಮೆಯನ್ನು ತಗ್ಗಿಸಬಾರದು. ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ತಾಗಿಸುವ ಕೈಕೆಲಸದಿಂದ ಇಂಥ ಹೈಬ್ರಿಡ್ ಬೀಜ ಆಗುತ್ತದೆ. ಅದರ ಬೆಳೆಯ ಕಾಳನ್ನು ಮತ್ತೆ ಬಿತ್ತಿದರೆ ಗಿಡಕ್ಕೊಂದು ಗುಣ. ಹೀಗಾಗಿ ಹೊಲದ ಕಾಳಿಗೆ ಬಿತ್ತನೆಯ ಬೆಲೆ ಉಳಿಯಲಿಲ್ಲ. ಬಿತ್ತನೆ ಬೀಜ ಪಾಕೀಟಿನೊಳಗೆ ಸೇರಿತು.

2002ರ ಮಾರ್ಚ್‌ನಲ್ಲಿ, ಕಾಯಿಕೊರಕ ಹುಳುವನ್ನು ತಡೆಯುವ ಜೀನ್ ಸೇರಿಸಿದ ಬಿಟಿ ಹತ್ತಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು. ಆಗ 450 ಗ್ರಾಂ ಪಾಕೀಟಿಗೆ 1,600 ರೂಪಾಯಿಗೂ ಮೇಲೆ. 2006ರಲ್ಲಿ ಆಂಧ್ರ ಸರ್ಕಾರ ಬೀಜ ಕಂಪನಿಯೊಂದಿಗೆ ಜಗಳಕ್ಕೆ ನಿಂತ ಮೇಲೆ ದರ ಅರ್ಧಕ್ಕಿಂತ ಕೆಳಗಿಳಿಯಿತು. ಕೇಂದ್ರದ 2015ರ ಹತ್ತಿ ಬೀಜ ಬೆಲೆ ನಿಯಂತ್ರಣ ಆದೇಶದ ನಂತರ ದೇಶಕ್ಕೆಲ್ಲ ಒಂದೇ ಗರಿಷ್ಠ ದರ.

ಪಾಕೀಟಿನಿಂದ ಮನೆಗೆ ಬೀಜ ಮರಳಬಹುದಾಗಿದ್ದ ಒಂದು ಅವಕಾಶವೂ ಬಂದಿತ್ತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಕಾನೇರಿ ನರ್ಮಾ ಬಿಟಿ ತಂದವು. ಹೈಬ್ರಿಡ್ ಅಲ್ಲದ ಆ ತಳಿಯ ಕಾಳನ್ನು ರೈತ ಮತ್ತೆ ಬಿತ್ತಬಹುದಿತ್ತು. 2009ರಲ್ಲಿ ಹೊಲಕ್ಕಿಳಿದು ಅದೇ ವರ್ಷ ಹಿಂದೆ ಸರಿಯಿತು. ಅದರಲ್ಲಿದ್ದದ್ದು ಖಾಸಗಿ ಕಂಪನಿಯ ಜೀನ್ ಎಂಬ ವಿವಾದವೆದ್ದು ಸೊಪೋರಿ ಅವರ ಅಧ್ಯಕ್ಷತೆಯ ಸಮಿತಿಯಿಂದ ವಿಚಾರಣೆಯಾಯಿತು. ಸಾರ್ವಜನಿಕ ಸಂಶೋಧನೆಗೆ ಬಿದ್ದ ಆ ಪೆಟ್ಟಿನ ನೋವು ಇನ್ನೂ ಆರಿಲ್ಲ.

ಈಗ ಇನ್ನೊಂದು ದಾಸ್ತಾನು, ಗಾಣಕ್ಕೂ ದನಕ್ಕೂ ಹೋಗುವ ಕಾಳು. 170 ಕಿಲೋದ ಒಂದು ಬೇಲು ಅರಳೆಯ ಹಿಂದೆ ಸುಮಾರು 300 ಕಿಲೋ ಕಾಳು ಬರುತ್ತದೆ. ಈ ಲೆಕ್ಕದಲ್ಲಿ 2002-03ರ 136 ಲಕ್ಷ ಬೇಲಿನಿಂದ ದೇಶಕ್ಕೆ ಸಿಕ್ಕಿದ್ದು ಸುಮಾರು 40 ಲಕ್ಷ ಟನ್. 2013-14ರ 398 ಲಕ್ಷ ಬೇಲಿನಿಂದ ಸುಮಾರು 120 ಲಕ್ಷ ಟನ್. ಗುಲಾಬಿ ಕಾಯಿಕೊರಕ ಬಿಟಿಯನ್ನು ಮೀರಿ ನಿಂತ ಮೇಲೆ ಇಳಿಜಾರು. 2024-25ರಲ್ಲಿ ಸರ್ಕಾರದ ಅಂದಾಜೇ 300 ಲಕ್ಷ ಬೇಲಿಗಿಂತ ಕೆಳಗೆ, ಅಂದರೆ ಕಾಳು 90 ಲಕ್ಷ ಟನ್ನಿನೊಳಗೆ.

ಅಕ್ಕಿ, ಗೋಧಿಯಂತೆ ಹತ್ತಿಕಾಳನ್ನು ವರ್ಷಗಟ್ಟಲೆ ಗೋದಾಮಿನಲ್ಲಿ ಇಡಲಾಗದು. ತೇವ ತಗುಲಿದರೆ ರಾಶಿ ಕಾವೇರುತ್ತದೆ, ಎಣ್ಣೆ ಕೆಡುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಜಿನ್ನುಗಳ ಅಂಗಳ ತುಂಬುತ್ತದೆ, ಮಳೆಗಾಲದ ಹೊತ್ತಿಗೆ ಬರಿದಾಗುತ್ತದೆ. ನಮ್ಮ ಗಾಣಗಳಲ್ಲಿ ಹೆಚ್ಚಿನವು ಜುಂಗು, ಸಿಪ್ಪೆ ತೆಗೆಯದೆ ಅರೆಯುವುದರಿಂದ ಎಣ್ಣೆ ನೂರಕ್ಕೆ 12ರ ಆಸುಪಾಸು. ಜಿಡ್ಡು ಉಳಿದ ಆ ಹಿಂಡಿಯೇ ಹೈನಿನವರಿಗೆ ಮೆಚ್ಚು. ಕುಸುಬಿ, ಶೇಂಗಾ ಎಣ್ಣೆ ಉಂಡ ಈ ಸೀಮೆಯ ಅಡುಗೆಮನೆ ಹತ್ತಿಕಾಳಿನ ಎಣ್ಣೆಯನ್ನು ಹೆಸರು ಹಿಡಿದು ಕೇಳುವುದಿಲ್ಲ.

ಮೂರು ತಾಲ್ಲೂಕುಗಳ ಪಾಡು ಒಂದೇ ಅಲ್ಲ. ಆಳಂದದ ಜೀವ ತೊಗರಿಯಲ್ಲಿದೆ. ಅಫಜಲಪುರದಲ್ಲಿ ಭೀಮೆಯ ಸೊನ್ನ ಬ್ಯಾರೇಜಿನ ನೀರು ಕಂಡ ಹೊಲ ಕಬ್ಬಿನತ್ತ ವಾಲುತ್ತದೆ. ಜೇವರ್ಗಿಗೆ ನಾರಾಯಣಪುರ ಎಡದಂಡೆಯ ಶಾಖಾ ಕಾಲುವೆ ಇರುವುದರಿಂದ ಹತ್ತಿಗೆ ಅಲ್ಲಿ ಹೆಚ್ಚು ನೆಲೆ. ಎಲ್ಲೇ ಆದರೂ ಹತ್ತಿ ಬೆಳೆದವನು ಕಾಳನ್ನು ಹತ್ತಿಯೊಳಗೇ ಮಾರಿ, ಆಮೇಲೆ ಎರಡು ಸಲ ಕೊಳ್ಳುತ್ತಾನೆ. ಎಮ್ಮೆಗೆಂದು ಚೀಲದ ಲೆಕ್ಕದಲ್ಲಿ ಒಮ್ಮೆ, ಹೊಲಕ್ಕೆಂದು ಪಾಕೀಟಿನ ಲೆಕ್ಕದಲ್ಲಿ ಇನ್ನೊಮ್ಮೆ. ಆ ಪಾಕೀಟಿಗೆ 2025ರಲ್ಲಿ 901 ರೂಪಾಯಿ. ಒಳಗಿರುವುದು 2006ರಲ್ಲಿ ಒಪ್ಪಿಗೆ ಪಡೆದ ಎರಡು ಬಿಟಿ ಜೀನುಗಳ ಜೋಡಿಯೇ. ನಾಗಪುರದ ಸಂಸ್ಥೆ ಮರುಬಿತ್ತನೆಗೆ ಬರುವ ಬಿಟಿ ತಳಿಗಳನ್ನು ಮತ್ತೆ ರೂಪಿಸಿದೆ. ಅವುಗಳ ಬೀಜ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮೂಲಕ ಈ ಎರೆ ಹೊಲಗಳಿಗೆ ಸಾಕಷ್ಟು ಪ್ರಮಾಣದಲ್ಲಿ ಬರಬೇಕು, ಜೊತೆಗೆ ಮಾರುಕಟ್ಟೆಯ ಹಲಗೆಯಲ್ಲಿ ಹತ್ತಿಯ ದರದ ಪಕ್ಕ ಹತ್ತಿಕಾಳಿನ ದರವನ್ನೂ ದಿನಾ ಬರೆಯಬೇಕು.